ಕಂಡಕ್ಟರ್ ಮಗಳ ಅಪರಾಧಶಾಸ್ತ್ರ

ಚನ್ನರಾಯಪಟ್ಟಣ–ಹಾಸನ ರೂಟಿನ ಸರ್ಕಾರಿ ಬಸ್ಸಿನಲ್ಲಿ ನಾನು ಇಪ್ಪತ್ತು ವರ್ಷದಿಂದ ಕಂಡಕ್ಟರ್. ನನ್ನ ಬಸ್ಸಿನಲ್ಲಿ ತಮಾಷೆ ನಡೆಯದ ದಿನವೆಂದರೆ ಅದು ನಾನು ರಜೆ ಹಾಕಿದ ದಿನ. ಮಗಳು ಹಾಸನದಲ್ಲಿ ಅಪರಾಧಶಾಸ್ತ್ರ ಓದಲು ಸೇರಿದ ಮೇಲಂತೂ ಈ ತಮಾಷೆಗಳು ಬಸ್ಸಿಳಿದು ಮನೆಯವರೆಗೂ ಬರತೊಡಗಿದವು. ಮೊದಲೇ ಹೇಳಿಬಿಡುತ್ತೇನೆ, ಮಗಳ ವಿಷಯದಲ್ಲಿ ನನಗೆ ಹೆಮ್ಮೆ ಜಾಸ್ತಿ, ತಾಳ್ಮೆ ಕಡಿಮೆ. ಹಾಗಾಗಿ ಪ್ರತಿ ಸಲ ನಗೆಪಾಟಲಾದವನು ನಾನೇ.

ಬೀಗದ ಕೈ

ಸೀಟು ಸಿಕ್ಕಿದ ದಿನ ಬೀದಿಗೆಲ್ಲ ಮೈಸೂರು ಪಾಕ್ ಹಂಚಿದೆ. ಪಕ್ಕದ ಮನೆಯಾಕೆ ಒಂದು ತುಂಡು ಬಾಯಿಗಿಟ್ಟುಕೊಂಡು, ಹುಡುಗಿ ಏನು ಓದುತ್ತಾಳೆ ಎಂದು ವಿಚಾರಿಸಿದರು. ಕಳ್ಳತನ, ಮೋಸ, ಕೊಲೆ ಎಲ್ಲ ಯಾಕೆ ನಡೆಯುತ್ತವೆ, ಹೇಗೆ ನಡೆಯುತ್ತವೆ, ತಡೆಯುವುದು ಹೇಗೆ ಎಂದು ಓದುತ್ತಾಳೆ ಎಂದು ವಿವರಿಸಿದೆ. ಆಕೆ ಎರಡನೇ ತುಂಡು ತೆಗೆದುಕೊಳ್ಳಲಿಲ್ಲ.

ಅವರ ಮನೆಯ ಬೀಗದ ಕೈ ವರ್ಷಗಳಿಂದ ದಾಸವಾಳದ ಕುಂಡದ ಕೆಳಗೇ ಇರುವುದು. ಇಡೀ ಬೀದಿಗೆ ಗೊತ್ತು, ಹಾಲಿನವನಿಗೂ ಗೊತ್ತು. ಮಾರನೇ ದಿನ ಅದು ಅಲ್ಲಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಮಗಳ ಮೇಲೇ ಅನುಮಾನವೇ ಎಂದು ಜಗಳಕ್ಕೆ ಹೊರಟು ಚಪ್ಪಲಿ ಮೆಟ್ಟುವಷ್ಟರಲ್ಲಿ ಆಕೆಯೇ ನಮ್ಮ ಮನೆಗೆ ಬಂದರು. ಸೀದಾ ಅಡುಗೆಮನೆಗೆ ಹೋಗಿ ಮಗಳ ಕೈ ಹಿಡಿದುಕೊಂಡರು.

"ನೀನು ಓದೋದು ಕೇಳಿ ಭಯ ಆಗ್ಬುಡ್ತು ಕಣವ್ವ, ಬೀಗದ ಕೈ ಜಾಗ ಬದಲಾಯಿಸ್ದೆ. ಈಗ ನೀರೊಲೆ ಪಕ್ಕ ಬೂದಿ ಡಬ್ಬದಲ್ಲಿ ಮಡಗಿವ್ನಿ. ನಿಂಗೊಬ್ಬಳ್ಗೇ ಹೇಳ್ತಿರೋದು, ಯಾರ್ಗೂ ಹೇಳ್ಬ್ಯಾಡ."

ಮಗಳು ಯಾರಿಗೂ ಹೇಳಲಿಲ್ಲ. ಹಾಲಿನವನಿಗೂ ಹೂವಿನವಳಿಗೂ ಸಂಜೆಯೊಳಗೆ ಆಕೆಯೇ ಹೇಳಿಯಾಗಿತ್ತು, ಪ್ರತಿಯೊಬ್ಬರಿಗೂ ಅವರೊಬ್ಬರಿಗೇ ಹೇಳುತ್ತಿರುವುದು ಅಂತ.

ಒಂದು ವರ್ಷ ಹೆಚ್ಚಿಗೆ

ಮಗಳಿಗೆ ಪಿಯುಸಿಯಲ್ಲಿ ಅಂಕ ಸ್ವಲ್ಪ ಕಡಿಮೆ ಬಂದಿತ್ತು. ಅದಕ್ಕೆ ವಿಶ್ವವಿದ್ಯಾಲಯದವರು ಮೊದಲು ಒಂದು ವರ್ಷ ಫೌಂಡೇಶನ್ ಕೋರ್ಸ್ ಮಾಡಲಿ ಎಂದರು. ಓದುವುದು, ಬರೆಯುವುದು, ಯೋಚಿಸುವುದು, ಎಲ್ಲಕ್ಕೂ ತಯಾರಿ. ಅದರಲ್ಲಿ ಪಾಸಾದರೆ ಮೂರು ವರ್ಷದ ಡಿಗ್ರಿಗೆ ಪ್ರವೇಶ, ಇಲ್ಲದಿದ್ದರೆ ಮನೆಗೆ.

ಅರಕಲಗೂಡಿನಲ್ಲಿರುವ ನನ್ನ ಭಾವ, ಅಂದರೆ ಅಕ್ಕನ ಗಂಡ, ಇದನ್ನು ಒಪ್ಪಲೇ ಇಲ್ಲ. ಹೊಳೆನರಸೀಪುರದ ಒಂದು ಮದುವೆಯಲ್ಲಿ ಪಕ್ಕಪಕ್ಕ ಊಟಕ್ಕೆ ಕೂತಿದ್ದಾಗ ಶುರು ಮಾಡಿದರು.

"ಒಂದ್ವರ್ಷ ಎಚ್ಚಿಗೆ ಅಂದ್ರೆ ಫೇಲ್ ಅಂತ್ಲೇ ಕಣಯ್ಯ. ನೀನು ಬಾಯ್ಬುಡ್ತಿಲ್ಲ ಅಷ್ಟೇಯ."

ಪಾಯಸ ಬಡಿಸುವವನು ಸೌಟು ಎತ್ತಿಕೊಂಡು ನಿಂತಿದ್ದ. ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿದು, ಈ ವರ್ಷ ನನ್ನ ಮಗಳು ಪಾಸಾಗದಿದ್ದರೆ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದುಬಿಟ್ಟೆ. ಇಡೀ ಪಂಕ್ತಿ ತಿನ್ನುವುದು ಬಿಟ್ಟು ನನ್ನ ಮೀಸೆ ನೋಡಿತು. ಕೆಲಸಕ್ಕೆ ಸೇರಿದಾಗಿನಿಂದ ಸಾಕಿದ ಮೀಸೆ ಅದು. ಆ ಗಲಾಟೆಯಲ್ಲಿ ಪಾಯಸವೂ ತಪ್ಪಿತು.

ಅಂದಿನಿಂದ ಮಗಳ ಪ್ರವೇಶ ಪತ್ರದ ಜೆರಾಕ್ಸ್ ನನ್ನ ಟಿಕೆಟ್ ಬ್ಯಾಗಿನಲ್ಲೇ ಇತ್ತು. ಯಾರಾದರೂ ಮಕ್ಕಳ ಸುದ್ದಿ ತೆಗೆದರೆ ಸಾಕು, ಬಿಡಿಸಿ ಓದುತ್ತಿದ್ದೆ. ಒಂದು ದಿನ ಒಬ್ಬ ಅಜ್ಜನಿಗೆ ಫೌಂಡೇಶನ್ ಎಂದರೇನು ಎಂದು ಬಹಳ ಶ್ರದ್ಧೆಯಿಂದ ಬಿಡಿಸಿ ಹೇಳಿದೆ. ಪಾಪ, ಅಷ್ಟೇ ಶ್ರದ್ಧೆಯಿಂದ ಕೇಳಿದ. ಶಾಂತಿಗ್ರಾಮದಲ್ಲಿ ಇಳಿಯಬೇಕಿದ್ದವನು ಹಾಸನದವರೆಗೆ ಬಂದ. ಇಳಿಯುವಾಗ ನನ್ನ ಭುಜ ತಟ್ಟಿ ಕೇಳಿದ:

"ಎಲ್ಲಾ ಸರಿ ಸಾ, ಮಗು ಫೇಲಾಗಿದ್ದು ಯಾವ್ ಸಬ್ಜೆಕ್ಟಲ್ಲಿ?"

ಕಂಡದ್ದಷ್ಟೇ

ಒಮ್ಮೆ ಅವಳ ಮೇಡಂ ಒಂದು ಕೆಲಸ ಕೊಟ್ಟರು. ಯಾವುದಾದರೂ ಜನ ಸೇರುವ ಜಾಗದಲ್ಲಿ ಕೂತು ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಬೇಕು, ಊಹೆ ಬರೆಯಬಾರದು. ಬೇರೆಲ್ಲೂ ಯಾಕೆ ಹೋಗುತ್ತೀಯ, ಅಪ್ಪನ ಬಸ್ಸೇ ಇದೆಯಲ್ಲ ಎಂದು ನಾನೇ ಕಿಟಕಿ ಪಕ್ಕ ಕೂರಿಸಿದೆ. ಆ ಹೊತ್ತಿಗೆ ಡಾಕ್ಟರು ನನಗೆ ಕರಿದದ್ದು ಮುಟ್ಟಬೇಡಿ ಎಂದು ಆರು ತಿಂಗಳಾಗಿತ್ತು. ಹೆಂಡತಿ ದಿನಾ ಒಣ ಚಪಾತಿ, ಸೊಪ್ಪಿನ ಪಲ್ಯ ಕಟ್ಟಿಕೊಡುತ್ತಿದ್ದಳು.

ರಾತ್ರಿ ಊಟದ ಹೊತ್ತಿನಲ್ಲಿ ಮಗಳು ಬರೆದದ್ದನ್ನು ಓದಿದಳು. ಕಂಡಕ್ಟರ್ ವಯಸ್ಸಾದವರಿಗೆ ಸೀಟು ಕೊಡಿಸಿದರು ಎಂದು ಬಂದಾಗ ನಾನು ಹೆಂಡತಿಯ ಕಡೆ ನೋಡಿ ಮೀಸೆ ತಿರುವಿದೆ. ಆಮೇಲೆ ಹೀಗಿತ್ತು: "ಹಾಸನ ನಿಲ್ದಾಣ. ಕಂಡಕ್ಟರ್ ಊಟದ ಡಬ್ಬಿಯನ್ನು ಡ್ರೈವರಿಗೆ ಕೊಟ್ಟರು. ಹೋಟೆಲಿನ ಒಳಗೆ ಹೋಗಿ ಎಂಟು ನಿಮಿಷದ ನಂತರ ಹೊರಗೆ ಬಂದರು. ಬಲಗೈ ಬೆರಳುಗಳಲ್ಲಿ ಎಣ್ಣೆ ಇತ್ತು. ಮೀಸೆಯಲ್ಲಿ ಚಟ್ನಿ ಇತ್ತು."

ಇದು ಅಪ್ಪನ ಮೇಲೆ ಸುಳ್ಳು ಆರೋಪ ಎಂದು ಕೂಗಾಡಿದೆ. ಮಗಳು ತಣ್ಣಗೆ, "ವಡೆ ತಿಂದ್ರು ಅಂತ ನಾನು ಬರ್ದೇ ಇಲ್ವಲ್ಲಪ್ಪ" ಎಂದಳು.

"ಅದ್ನೇನ್ ಬರೀಬೇಕಾಗಿಲ್ಲ ಬುಡವ್ವ" ಎಂದಳು ಹೆಂಡತಿ. "ಮಿಕ್ಕಿದ್ದು ನಾನೇ ಓದ್ಕೊಂಡೆ."

ಇನ್ನು ವಡೆ ಮುಟ್ಟುವುದಿಲ್ಲ ಎಂದು ದೇವರ ಮುಂದೆ ಆಣೆ ಮಾಡಿದ ಮೇಲೇ ಅವತ್ತು ನನಗೆ ಮಜ್ಜಿಗೆ ಬಿದ್ದದ್ದು.

ಕೊನೆಯ ಪರೀಕ್ಷೆ

ವರ್ಷದ ಕೊನೆಯ ಪರೀಕ್ಷೆಯ ದಿನ ಬೆಳಿಗ್ಗೆಯೇ ಭಾವ ಫೋನ್ ಮಾಡಿ, ಬ್ಲೇಡ್ ಮನೆಯಲ್ಲಿದೆಯೋ ಕಳಿಸಲೋ ಎಂದು ಕೇಳಿದರು. ದಾರಿಯುದ್ದಕ್ಕೂ ಮಗಳು ನೋಟ್ಸ್ ತಿರುವುತ್ತಲೇ ಇದ್ದಳು. ಮೀಸೆ ಹಾಳಾಗಿ ಹೋಗಲಿ, ಅವಳು ಪಟ್ಟ ಕಷ್ಟ ನೀರಿನಲ್ಲಿ ಹೋಮವಾಗಬಾರದು ಎಂಬುದಷ್ಟೇ ನನ್ನ ಚಿಂತೆ. ಎರಡು ಟ್ರಿಪ್ಪಿನ ಮಧ್ಯೆ ಬಿಡುವಿತ್ತು, ಯೂನಿಫಾರಂನಲ್ಲೇ ಅವಳ ಜೊತೆ ಹೋದೆ. ಅವಳು ಒಳಗೆ ಹೋದ ಮೇಲೆ ಆತಂಕ ತಡೆಯಲಾಗದೆ ಕ್ಯಾಂಟೀನಿಗೆ ಹೋಗಿ ಬಂದು ಪರೀಕ್ಷೆಯ ಕೋಣೆಯ ಬಾಗಿಲ ಹೊರಗೆ ನಿಂತೆ.

ಹತ್ತು ನಿಮಿಷವಾಗಿರಬೇಕು. ಬಿಳಿ ಅಂಗಿಯ ಒಬ್ಬ ತರುಣ ನನ್ನ ಪಕ್ಕದಿಂದಲೇ ಒಳಗೆ ನುಗ್ಗಿ, ಮೇಡಂ ಮೇಜಿನ ಮೇಲಿದ್ದ ಬ್ಯಾಗು ಕಿತ್ತುಕೊಂಡು ಹೊರಗೆ ಓಡಿ ಬಂದ. ಇಪ್ಪತ್ತು ವರ್ಷ ಜೇಬುಗಳ್ಳರನ್ನು ಹಿಡಿದ ಕೈ ಸುಮ್ಮನಿರುತ್ತದೆಯೇ? ಕಾಲರ್ ಹಿಡಿದು ಗೋಡೆಗೆ ಒತ್ತಿ ವಿಷಲ್ ಊದಿದೆ. ಅವನು ನಾನು ಇಲ್ಲಿಯ ಎಂಎ ವಿದ್ಯಾರ್ಥಿ ಸಾರ್ ಎಂದು ಗೋಗರೆದ. ಇಷ್ಟು ಓದಿಯೂ ಕದಿಯುತ್ತೀಯಲ್ಲೋ ಎಂದು ಇನ್ನೂ ಬಿಗಿಯಾಗಿ ಹಿಡಿದೆ.

ಮೇಡಂ ಓಡಿ ಬಂದರು, ಹಿಂದೆಯೇ ಮಕ್ಕಳೆಲ್ಲ ಬಾಗಿಲಿಗೆ ಬಂದು ಇಣುಕಿದರು. "ಬಿಡಿ ಸಾರ್, ಇದೇ ಪರೀಕ್ಷೆ" ಎಂದರು.

ಕಳ್ಳ ಬಂದು ಹೋಗುವುದು, ಮಕ್ಕಳು ತಾವು ಕಂಡದ್ದನ್ನು ಬರೆಯುವುದು, ಇದೇ ಪ್ರಶ್ನೆಯಂತೆ. ಮಕ್ಕಳಿಗೂ ಗೊತ್ತಿರಲಿಲ್ಲವಂತೆ. ಮಗಳ ಒಂದು ವರ್ಷವನ್ನು ಅಪ್ಪನೇ ಹಾಳು ಮಾಡಿದೆನಲ್ಲ ಎಂದು ಕೈ ಮುಗಿದು ನಿಂತೆ. ಮೇಡಂ ನಗು ತಡೆದುಕೊಂಡು, ಈಗ ನಡೆದದ್ದನ್ನೇ ಬರೆಯಲಿ ಎಂದು ಒಳಗೆ ಹೋದರು.

ಹದಿನೈದು ದಿನಕ್ಕೆ ಫಲಿತಾಂಶ ಬಂತು. ಮಗಳು ಪಾಸು, ಅದೂ ಆ ಪತ್ರಿಕೆಯಲ್ಲಿ ತರಗತಿಗೇ ಮೊದಲು. ಪೊಲೀಸ್ ಇನ್ಸ್‌ಪೆಕ್ಟರ್ ಬಂದು ಹಿಡಿದರು ಎಂದು ಉಳಿದವರಲ್ಲಿ ಬಹಳ ಜನ ಬರೆದಿದ್ದರಂತೆ, ಒಬ್ಬ ನನ್ನ ಕೈಗೆ ಪಿಸ್ತೂಲನ್ನೂ ಕೊಟ್ಟಿದ್ದನಂತೆ. ಮಗಳು ತಂದ ಉತ್ತರ ಪತ್ರಿಕೆಯನ್ನು ಹೆಂಡತಿಯ ಕೈಗೆ ಕೊಟ್ಟು, ಭಾವನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿ, ಜೋರಾಗಿ ಓದು ಎಂದೆ.

"ಹಿಡಿದವರು ಪೊಲೀಸ್ ಅಲ್ಲ. ಖಾಕಿ ಅಂಗಿ, ವಿಷಲ್, ಹೆಗಲಲ್ಲಿ ಟಿಕೆಟ್ ಬ್ಯಾಗ್ ಇತ್ತು. ಅವರು ನನ್ನ ತಂದೆ. ನನಗೆ ಅವರೆಂದರೆ ಹೆಮ್ಮೆ. ಆದ್ದರಿಂದ ಅವರ ವಿಷಯದಲ್ಲಿ ನನ್ನ ಸಾಕ್ಷ್ಯವನ್ನು ಎಚ್ಚರಿಕೆಯಿಂದ ಓದಬೇಕು."

ನನ್ನ ಕಣ್ಣು ತುಂಬಿ ಬಂತು. ಸಾಕು ಕೊಡು ಎಂದು ನಾನು ಕೈ ಚಾಚಿದೆ. ಹೆಂಡತಿ ಕೊಡದೆ ಪುಟ ತಿರುವಿ ಓದಿದಳು: "ಬಿಟ್ಟ ಮೇಲೆ ಕಳ್ಳನ ಬಿಳಿ ಕಾಲರಿನ ಮೇಲೆ ಮೂರು ಬೆರಳಿನ ಎಣ್ಣೆ ಗುರುತು ಇತ್ತು."

ಹೆಂಡತಿ ಪತ್ರಿಕೆ ಮಡಚಿ ನನ್ನ ಬೆರಳುಗಳನ್ನು ನೋಡಿದಳು. ಮಗಳು ಮೆಲ್ಲಗೆ ಎದ್ದು ರೂಮಿಗೆ ಹೋದಳು.

"ಯಾಕ್ರವ್ವ ಸುಮ್ಕಾಗ್ಬುಟ್ರಿ?" ಎಂದರು ಭಾವ ಫೋನಿನಲ್ಲಿ. "ಮೀಸೆ ಉಳೀತೋ ಇಲ್ವೋ?"

"ಮೀಸೆ ಉಳೀತು ಕಣಣ್ಣ" ಎಂದಳು ಹೆಂಡತಿ, ನನ್ನನ್ನೇ ನೋಡುತ್ತಾ. "ಅದ್ರ ಕೆಳಗಿರೋ ಬಾಯಿ ವಿಚಾರ ನಾನ್ ನೋಡ್ಕತೀನಿ, ನೀವ್ ಫೋನ್ ಮಡಗಿ."