ಐದು ಮೊಟ್ಟೆ, ಒಂದು ಬಟ್ಟಲು

ಊರಿನವರೆಲ್ಲ 'ಸ್ಟುಡಿಯೋದವರು' ಎಂದೇ ಕರೆಯುತ್ತಿದ್ದ ಫೋಟೋಗ್ರಾಫರಿಗೆ ಒಂದು ಹೆಮ್ಮೆಯೂ ಒಂದು ಕೊರಗೂ ಇದ್ದವು. ಕತ್ತಲಲ್ಲಿ ತಮ್ಮ ಕೈ ಎಂದೂ ತಪ್ಪಿದ್ದಿಲ್ಲ ಎಂಬುದು ಹೆಮ್ಮೆ. ರೀಲು ತೊಳೆಯುತ್ತಿದ್ದ ಕಾಲದಲ್ಲಿ ಇಪ್ಪತ್ತೆರಡು ವರ್ಷ ಡಾರ್ಕ್ ರೂಮಿನಲ್ಲಿ ನಿಂತು, ಯಾವ ತಟ್ಟೆ ಎಲ್ಲಿದೆ, ಯಾವ ಬಾಟಲಿ ಎಲ್ಲಿದೆ ಎಂದು ಬೆರಳ ತುದಿಯಲ್ಲೇ ತಿಳಿದಿದ್ದವರು. ಇನ್ನು ಕೊರಗು: ಅವರ ಕ್ಯಾಮೆರಾದ ಮುಂದೆ ಯಾರೂ ನಗುತ್ತಿರಲಿಲ್ಲ. "ಸ್ವಲ್ಪ ನಗಿ" ಎಂದರೆ ಸಾಕು, ಅಲ್ಲಿಯವರೆಗೆ ಹಲ್ಲು ಕಿರಿಯುತ್ತಿದ್ದವರೂ ಮುಖ ಗಂಟು ಹಾಕಿಕೊಂಡು ಕೋರ್ಟಿಗೆ ಬಂದವರ ಹಾಗೆ ನಿಂತುಬಿಡುತ್ತಿದ್ದರು. ಈ ಎರಡೂ ಒಂದೇ ವಾರದಲ್ಲಿ ತಲೆಕೆಳಗಾಗಿದ್ದು ಬಾತುಕೋಳಿಯ ಮೊಟ್ಟೆಗಳಿಂದ.

ಬಾತುಕೋಳಿ ಅವರದಲ್ಲ, ಅವರ ಅತ್ತೆಯದು. ಅತ್ತೆ ಮೂವತ್ತೈದು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಅವರು ಸಾಕಿದ ಬಾತುಕೋಳಿಯ ಹೆಸರು ಮೇಟ್ರನ್. (ವಾರ್ಡಿನ ಹೆಡ್ ನರ್ಸಿನಂತೆ ಎದೆ ಮುಂದೆ ಮಾಡಿಕೊಂಡು, ಎಲ್ಲರನ್ನೂ ಬೈಯುತ್ತಾ, ಅಂಗಳದ ಈ ತುದಿಯಿಂದ ಆ ತುದಿಗೆ ರೌಂಡ್ಸ್ ಹಾಕುತ್ತಿತ್ತು. ಬೇರೆ ಹೆಸರು ಹೊಂದುತ್ತಿರಲಿಲ್ಲ.) ಒಂದು ಬೆಳಿಗ್ಗೆ ಬೀದಿನಾಯಿ ಮೇಟ್ರನ್ನನ್ನು ಕಚ್ಚಿಕೊಂಡು ಹೋಯಿತು. ನೀರಿನ ತೊಟ್ಟಿಯ ಹಿಂದೆ ಆರು ಮೊಟ್ಟೆ ಉಳಿದಿದ್ದವು, ಅದು ಇನ್ನೂ ಕಾವಿಗೆ ಕೂತಿರಲಿಲ್ಲ. ಅತ್ತೆ ಆ ಆರನ್ನೂ ಹಳೆ ಸ್ವೆಟರಿನಲ್ಲಿ ಸುತ್ತಿಕೊಂಡು ಮಗಳ ಮನೆಗೆ ಬಂದು ಕುಳಿತವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಎಷ್ಟೋ ಸಾವು ನೋವು ಕಂಡ ಹೆಂಗಸು, ಒಂದು ಬಾತುಕೋಳಿಗಾಗಿ ಮಗುವಿನಂತೆ ಅತ್ತರು.

ಅದನ್ನು ನೋಡಲಾರದೆ ಸ್ಟುಡಿಯೋದವರ ಬಾಯಿಂದ ಮಾತು ಜಾರಿತು. "ಅತ್ತೆ, ಮರಿ ಮಾಡಿಸೋ ಜವಾಬ್ದಾರಿ ನಂದು."

"ರೀ, ಬಾಯಿಗೆ ಬಂದ ಹಾಗೆ ಮಾತು ಕೊಡಬೇಡಿ," ಎಂದಳು ಹೆಂಡತಿ. "ಬಚ್ಚಲಿನ ಪೈಪು ಕಟ್ಟಿಕೊಂಡು ಒಂದು ವರ್ಷ ಆಯ್ತು. ಅದನ್ನೂ 'ನನ್ನ ಜವಾಬ್ದಾರಿ' ಅಂದಿದ್ರಿ."

"ಪೈಪಿಗೂ ಪ್ರಾಣಕ್ಕೂ ವ್ಯತ್ಯಾಸ ಇಲ್ವೇನೇ?"

ಹಾಗೆ ಭಾನುವಾರದ ಶುಭಮುಹೂರ್ತದಲ್ಲಿ, ಮನೆಯ ಮುಂಭಾಗದ ಸ್ಟುಡಿಯೋದಲ್ಲಿ ವರ್ಷಗಳಿಂದ ಖಾಲಿ ಬಿದ್ದಿದ್ದ ಡಾರ್ಕ್ ರೂಮು ಹೆರಿಗೆ ಆಸ್ಪತ್ರೆಯಾಗಿ ಬಡ್ತಿ ಪಡೆಯಿತು. ಒಂದು ಥರ್ಮಾಕೋಲ್ ಪೆಟ್ಟಿಗೆ, ನಲವತ್ತರ ಬಲ್ಬು, ಹಳೇ ಕಂಪ್ಯೂಟರಿನ ಪುಟ್ಟ ಫ್ಯಾನು, ಶಾಖ ನೋಡಲು ಒಂದು ಮೀಟರು, ತೇವ ನೋಡಲು ಇನ್ನೊಂದು. ಮುಚ್ಚಳ ಕೊರೆದು ಫೋಟೋ ಫ್ರೇಮಿನ ಗಾಜು ಕೂರಿಸಿ ಕಿಟಕಿ ಮಾಡಿದರು. ಮೊಟ್ಟೆಗಳ ಒಂದು ಮಗ್ಗುಲಿಗೆ ಪೆನ್ಸಿಲಿನಲ್ಲಿ ಗುಣಾಕಾರದ ಗುರುತು, ಇನ್ನೊಂದಕ್ಕೆ ಸೊನ್ನೆ. ದಿನಕ್ಕೆ ಐದು ಸಲ ಹೊರಳಿಸಬೇಕು. ಏಳನೆಯ ದಿನ ಕತ್ತಲಲ್ಲಿ ಟಾರ್ಚು ಹಿಡಿದು ನೋಡಿದರೆ ಐದರಲ್ಲಿ ಎಳೆಎಳೆಯಾಗಿ ಕೆಂಪು ನರ, ಒಂದು ಮಾತ್ರ ಖಾಲಿ. ಅತ್ತೆ ಆ ದಿನ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡರು. ಉಂಡು, ಚೀಲ ತರಿಸಿಕೊಂಡು, ಮರಿ ಹೊರಬರುವವರೆಗೂ ಇಲ್ಲೇ ಇರುತ್ತೇನೆಂದು ಘೋಷಿಸಿದರು. (ಸ್ಟುಡಿಯೋದವರು ಈ ಖರ್ಚನ್ನು ಯೋಜನೆಯಲ್ಲಿ ಸೇರಿಸಿರಲಿಲ್ಲ.) ಅಂದಿನಿಂದ ಊಟವಾದ ಮೇಲೆ ಬಾಯಿ ತೊಳೆಯಲೂ ಅವರಿಗೆ ಮೊಟ್ಟೆಗಳ ಪಕ್ಕದ, ಡಾರ್ಕ್ ರೂಮಿನ ಸಿಂಕೇ ಬೇಕಾಯಿತು.

ಬಾತುಕೋಳಿ ಮೊಟ್ಟೆ ಇಪ್ಪತ್ತೆಂಟು ದಿನದ್ದು. ಇಪ್ಪತ್ತೈದನೆಯ ದಿನ, ಅಂದರೆ ಗುರುವಾರ, ಹೊರಳಿಸುವುದನ್ನು ನಿಲ್ಲಿಸಿ, ಒಳಗೆ ತೇವ ಹೆಚ್ಚಿಸಿ, ಮುಚ್ಚಳ ಹಾಕಿ ಬಂದೋಬಸ್ತು ಮಾಡಬೇಕು. ಆಮೇಲೆ ಕೊನೆಯ ಮರಿ ಹೊರಬರುವವರೆಗೂ ತೆರೆಯುವಂತಿಲ್ಲ. ತೆರೆದರೆ ತೇವ ಹಾರಿಹೋಗಿ, ಒಳಗಿನ ಪೊರೆ ಒಣಗಿ, ಮರಿ ಚಿಪ್ಪಿನಲ್ಲೇ ಸಿಕ್ಕಿ ಸಾಯುತ್ತದೆ. ಇದನ್ನು ಸ್ಟುಡಿಯೋದವರು ಎಷ್ಟು ಸಲ ಹೇಳಿದರೆಂದರೆ, ಮನೆಯಲ್ಲಿ ಉಪ್ಪಿನ ಡಬ್ಬಿ ತೆರೆಯಲೂ ಎಲ್ಲರಿಗೂ ಅಳುಕಾಗುತ್ತಿತ್ತು. ಬಾಗಿಲಿಗೆ ಒಂದು ಬೋರ್ಡೂ ಬಂತು: "ಮುಚ್ಚಳ ತೆರೆದವರು ಕೊಲೆಗಾರರು."

ಗುರುವಾರ ಮಧ್ಯಾಹ್ನ, ಊಟವಾದ ಮೇಲೆ, ಬಾಗಿಲು ಹಾಕಿಕೊಂಡು, ಬಲ್ಬು ಆರಿಸಿ, ಕತ್ತಲಲ್ಲಿ ಕೊನೆಯ ಪರೀಕ್ಷೆ ನಡೆಸಿದರು. ಐದೂ ಮೊಟ್ಟೆಯಲ್ಲಿ ಮರಿ ತುಂಬಿ ಕಪ್ಪಾಗಿತ್ತು, ಒಂದಂತೂ ಟಾರ್ಚಿನ ಬೆಳಕಿಗೆ ಮಿಸುಕಿತು. ತೇವಕ್ಕೆ ನೀರಿನ ಬಟ್ಟಲು ಬೇಕು, ಬೇಗ ಬೇಕು, ಮೊಟ್ಟೆ ತಣ್ಣಗಾಗುತ್ತಿವೆ. ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸಿಂಕಿನ ಕಟ್ಟೆಯ ಮೇಲೆ ಕೈಯಾಡಿಸಿದರು. ಅಗಲವಾದ ಬಟ್ಟಲು, ಅದರಲ್ಲಿ ನೀರೂ ಇದೆ! ಇಪ್ಪತ್ತೆರಡು ವರ್ಷದ ಬೆರಳು ಸುಮ್ಮನೆಯೇ? ಬಟ್ಟಲನ್ನು ಪೆಟ್ಟಿಗೆಯ ಮೂಲೆಗಿಟ್ಟು, ಮರಿ ಬೀಳದಿರಲೆಂದು ಮೇಲೆ ತಂತಿಜಾಲರಿ ಮುಚ್ಚಿ, ಮುಚ್ಚಳ ಹಾಕಿ, ಸುತ್ತಲೂ ಅಂಟುಪಟ್ಟಿ ಸುತ್ತಿ, ಬಲ್ಬು ಹೊತ್ತಿಸಿದರು. ಗಾಜಿನ ಮೇಲೆ ಫೋನು ಹಿಡಿದು ಒಂದು ಫೋಟೋ ಹೊಡೆದು, ನೋಡುವಷ್ಟೂ ತಾಳ್ಮೆಯಿಲ್ಲದೆ ಹೆಂಡತಿಗೂ ಅತ್ತೆಗೂ ಕಳಿಸಿದರು. ಕೆಳಗೆ ಬರೆದರು: "ಸೀಲ್ ಆಯಿತು. ಕತ್ತಲಲ್ಲಿ ನನ್ನ ಕೈ ತಪ್ಪಿದ್ದೇ ಇಲ್ಲ."

ಸಂಜೆ ನಾಲ್ಕಕ್ಕೆ ಒಳಗಿನಿಂದ ಅತ್ತೆಯ ಕೂಗು ಬಂತು. "ನನ್ನ ಹಲ್ಲಿನ ಸೆಟ್ಟು ಎಲ್ಲಿ? ಬಟ್ಟಲಲ್ಲಿ ನೆನೆಹಾಕಿದ್ದೆ!"

ಸ್ಟುಡಿಯೋದವರು ಆಗ ಮೀಟರು ನೋಡಲು ಗಾಜಿನ ಮೇಲೆ ಬಗ್ಗಿದ್ದರು. ಟಾರ್ಚು ಹೊತ್ತಿಸಿದರು. ಶಾಖ ಸರಿಯಿತ್ತು, ತೇವ ಎಪ್ಪತ್ತಕ್ಕೇರಿತ್ತು. ಮೂಲೆಯಲ್ಲಿ, ಜಾಲರಿಯ ಕೆಳಗೆ, ನೀರಿನಲ್ಲಿ ಮುಳುಗಿ, ಮೇಲಿನ ಸಾಲು ಕೆಳಗಿನ ಸಾಲು ಎರಡೂ ಸೇರಿ ಅವರನ್ನು ನೋಡಿ ನಗುತ್ತಿದ್ದವು.

ತೆರೆದರೆ ಐದು ಮರಿ ಸಾಯುತ್ತವೆ. ತೆರೆಯದಿದ್ದರೆ ತಾವೇ ಸಾಯುತ್ತಾರೆ, ಏಕೆಂದರೆ ಇದೇ ಭಾನುವಾರ ಹನ್ನೊಂದಕ್ಕೆ ಆಸ್ಪತ್ರೆಯಲ್ಲಿ ನಿವೃತ್ತ ನರ್ಸುಗಳ ಗ್ರೂಪ್ ಫೋಟೋ. ಅತ್ತೆ ಆರು ತಿಂಗಳಿಂದ ಕಾಯುತ್ತಿದ್ದ ಫೋಟೋ ಅದು. ಹೊಡೆಯುವವರು ಬೇರೆ ಯಾರೂ ಅಲ್ಲ, ಅಳಿಯಂದಿರೇ.

ಹೇಳಿಬಿಡೋಣ ಎಂದೇ ಅವರು ಹೊರಗೆ ಬಂದರು, ನಿಜವಾಗಿಯೂ. ಅತ್ತೆ ಊಟದ ಮೇಜಿನ ಹತ್ತಿರ ಫೋನು ಹಿಡಿದು ಕೂತಿದ್ದರು. ಹಲ್ಲಿಲ್ಲದೆ ಕೆನ್ನೆ ಒಳಗೆ ಸೇರಿ, ಕಣ್ಣು ಮಾತ್ರ ಇನ್ನೂ ದೊಡ್ಡದಾಗಿ ಕಾಣುತ್ತಿತ್ತು.

"ನಿಮಗೇನಾದ್ರೂ ಸಿಕ್ತಾ, ಅಳಿಯಂದ್ರೇ?"

"ಇ... ಇಲ್ಲ ಅತ್ತೆ."

ಆ ಒಂದು "ಇಲ್ಲ"ಕ್ಕೆ ಮೂರು ದಿನದ ಕಠಿಣ ಶಿಕ್ಷೆಯಾಯಿತು.

"ಬಚ್ಚಲಿನ ಪೈಪಿಗೆ ಜಾರಿರಬಹುದು," ಎಂದರು ಅತ್ತೆ. ಶುಕ್ರವಾರ ಬೆಳಿಗ್ಗೆಯಿಡೀ ಸ್ಟುಡಿಯೋದವರು ಮೊಣಕೈವರೆಗೂ ಕೊಳಕಿನಲ್ಲಿ ಕೈ ಹಾಕಿ, ಅಲ್ಲಿಲ್ಲವೆಂದು ತಮಗೆ ಚೆನ್ನಾಗಿ ಗೊತ್ತಿದ್ದ ಹಲ್ಲನ್ನು ಹುಡುಕಿದರು. ಹೆಂಡತಿ ಮೂಗು ಮುಚ್ಚಿಕೊಂಡು ಪಕ್ಕದಲ್ಲೇ ನಿಂತು, "ಇನ್ನೂ ಒಳಗೆ ನೋಡಿ, ಇನ್ನೂ ಒಳಗೆ" ಎನ್ನುತ್ತಿದ್ದಳು. "ಇಲಿ ಎಳೆದುಕೊಂಡು ಅಟ್ಟಕ್ಕೆ ಹೋಗಿರಬಹುದು," ಎಂದರು ಅತ್ತೆ ಮಧ್ಯಾಹ್ನ. ಅಟ್ಟದಿಂದ ಹನ್ನೊಂದು ಮೂಟೆ ಇಳಿಯಿತು. ಹಲ್ಲಿನ ಡಾಕ್ಟರು ಹೊಸ ಸೆಟ್ಟಿಗೆ ಎರಡು ವಾರ ಬೇಕೆಂದರು. ಅತ್ತೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ತಿನ್ನುತ್ತಾ, ಪ್ರತಿ ತುತ್ತಿಗೂ ಅಳಿಯನ ಮುಖ ನೋಡುತ್ತಿದ್ದರು. ಸ್ಟುಡಿಯೋದವರಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಲ್ಲಿದ್ದೇನು ಪ್ರಯೋಜನ?

ಶನಿವಾರ ಮಧ್ಯಾಹ್ನ ಒಂದು ಚಿಪ್ಪಿನಲ್ಲಿ ನಕ್ಷತ್ರದಂತೆ ಬಿರುಕು ಕಂಡಿತು. ಸಂಜೆಯೊಳಗೆ ಐದರಲ್ಲೂ. ಮೂವರೂ ಗಾಜಿಗೆ ಮುಖವಿಟ್ಟು ಉಸಿರು ಬಿಗಿ ಹಿಡಿದು ನೋಡಿದರು. ಸ್ಟುಡಿಯೋದವರು ಮಾತ್ರ ತಮ್ಮ ಭುಜವನ್ನು ಆ ಮೂಲೆಗೆ ಅಡ್ಡ ಹಿಡಿದು ನಿಂತಿದ್ದರು. ಅತ್ತೆಯನ್ನು ಆ ಕಡೆ ಬಗ್ಗಲು ಬಿಡಲಿಲ್ಲ.

"ಕುತ್ತಿಗೆ ಉಳುಕಿದೆಯಾ?" ಎಂದು ಕೇಳಿದರು ಅತ್ತೆ.

"ಸ್ವಲ್ಪ."

"ಪಾಪ."

ಭಾನುವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನಾಲ್ಕು ಮರಿ ಹೊರಗೆ ಬಿದ್ದು, ಒದ್ದೆಮುದ್ದೆಯಾಗಿ, ಒಂದರ ಮೇಲೊಂದು ಉರುಳಾಡುತ್ತಿದ್ದವು. ಐದನೆಯದು ಮಾತ್ರ ನಿನ್ನೆ ಸಂಜೆ ಮಾಡಿದ ತೂತಿನಲ್ಲೇ ನಿಂತಿತ್ತು. ಕೊಕ್ಕು ಕಾಣುತ್ತಿತ್ತು, ಅಲುಗಾಡುತ್ತಿರಲಿಲ್ಲ. ಹತ್ತಾಯಿತು. ಆಸ್ಪತ್ರೆಗೆ ಹೊರಡಬೇಕು. ಅತ್ತೆ ಒಳಗೆ ತಲೆ ಬಾಚುತ್ತಿದ್ದಾರೆ, ಹೆಂಡತಿ ಕ್ಯಾಮೆರಾ ಚೀಲ ಹುಡುಕುತ್ತಿದ್ದಾಳೆ. ಸ್ಟುಡಿಯೋದವರು ಬ್ಲೇಡು ತೆಗೆದುಕೊಂಡರು. ಒಂದೇ ಕ್ಷಣ ತೆರೆದು, ಬಟ್ಟಲು ಎತ್ತಿ, ಮುಚ್ಚಿದರೆ? ನಾಲ್ಕಂತೂ ಬಂದಿವೆ. ಒಂದು ಮರಿಯೋ, ಅತ್ತೆಯ ಮಾನವೋ? ಬ್ಲೇಡಿನ ತುದಿ ಅಂಟುಪಟ್ಟಿಗೆ ತಾಗಿತು.

"ಕೈ ತೆಗೀರಿ."

ಅತ್ತೆ ಬಾಗಿಲಲ್ಲಿ ನಿಂತಿದ್ದರು. ವಾರ್ಡಿನಲ್ಲಿ ಡಾಕ್ಟರುಗಳನ್ನೇ ನಡುಗಿಸಿದ ದನಿ ಅದು.

"ಅತ್ತೆ, ಅದು ಅಲುಗಾಡ್ತಾ ಇಲ್ಲ..."

"ಸುಸ್ತಾಗಿದೆ, ಸುಧಾರಿಸಿಕೊಳ್ತಿದೆ. ಮೂವತ್ತೈದು ವರ್ಷ ನೋಡಿದ್ದೀನಿ, ಅವಸರ ಮಾಡೋದು ಹೊರಗಿರೋ ಗಂಡಸರು. ಮೇಟ್ರನ್ ಮರಿ ಅದು. ಒಂದನ್ನೂ ನಾನು ಬಿಡಲ್ಲ."

"ಆದ್ರೆ ನಿಮ್ಮ ಫೋಟೋ..."

"ನನ್ನ ಫೋಟೋಗೂ ಈ ಪೆಟ್ಟಿಗೆಗೂ ಏನು ಸಂಬಂಧ?"

ಸ್ಟುಡಿಯೋದವರು ಬ್ಲೇಡು ಕೆಳಗಿಟ್ಟರು. ಹೆಂಡತಿಯನ್ನು ಕಾವಲಿಗೆ ಬಿಟ್ಟು ಇಬ್ಬರೂ ಹೊರಟರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಹದಿನಾಲ್ಕು ಜನ ನರ್ಸುಗಳು ಸಾಲಾಗಿ ನಿಂತರು, ಮುಂದಿನ ಸಾಲಿನ ನಡುವೆ ಅತ್ತೆ. ಸ್ಟುಡಿಯೋದವರು ಅತ್ತೆಯ ಕಣ್ಣು ತಪ್ಪಿಸಿ ಕ್ಯಾಮೆರಾದ ಹಿಂದೆ ಅಡಗಿದರು. ಆದರೆ ಎಷ್ಟೋ ವರ್ಷದ ಅಭ್ಯಾಸ, ಬಾಯಿ ತಾನಾಗಿಯೇ ಹೇಳಿತು: "ಸ್ವಲ್ಪ ನಗಿ." ಎಂದಿನಂತೆ ಹದಿಮೂರು ಮುಖ ಬಿಗಿದುಕೊಂಡವು. ಅತ್ತೆ ಒಬ್ಬರೇ, ಮೂರು ದಿನ ಕೈಯಿಂದ ಮುಚ್ಚಿಕೊಂಡಿದ್ದ ಬಾಯನ್ನು ಕಿವಿಯಿಂದ ಕಿವಿಗೆ ತೆರೆದು, ಗುಲಾಬಿ ಒಸಡು ತೋರಿಸಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅದು ಕಂಡು ಹದಿಮೂರು ಜನವೂ ಬಿದ್ದು ಬಿದ್ದು ನಕ್ಕರು. ಕ್ಲಿಕ್. ತಮ್ಮ ಜನ್ಮದಲ್ಲೇ ಅಷ್ಟು ಚೆಂದದ ಫೋಟೋ ಹೊಡೆದಿರಲಿಲ್ಲ ಎಂದು ಅವರಿಗೆ ಅನ್ನಿಸಿತು.

ಮನೆಗೆ ಬಂದಾಗ ಐದನೆಯದೂ ಹೊರಗೆ ಬಂದಿತ್ತು! ಮಧ್ಯಾಹ್ನದವರೆಗೆ ಒಣಗಲು ಬಿಟ್ಟು, ಅಂಟುಪಟ್ಟಿ ಕತ್ತರಿಸಿದರು. ಹೆಂಡತಿ ಮರಿಗಳನ್ನು ಬುಟ್ಟಿಗೆ ಎತ್ತಿಕೊಂಡು ಹೋದಳು. ಅತ್ತೆ ಸಂತೋಷಕ್ಕೆ ಅಳುತ್ತಾ ಹಿಂದೆ ಹೋದರು. ಸ್ಟುಡಿಯೋದವರು ಇದೇ ಸಮಯವೆಂದು ಬಟ್ಟಲು ಎತ್ತಿ, ಸಿಂಕಿನಲ್ಲಿ ಹಲ್ಲು ತೊಳೆದು, ಸೋಫಾದ ಸಂದಿಗೆ ತೂರಿಸಿ "ಸಿಕ್ತು!" ಎಂದು ಕೂಗುವ ಯೋಜನೆ ಹಾಕಿ ತಿರುಗಿದರು. ಎದುರಿಗೆ ಅತ್ತೆ, ಅಂಗೈ ಚಾಚಿಕೊಂಡು.

"ಸೋಪು ಹಾಕಿ ತೊಳೆದ್ರಾ, ಅಳಿಯಂದ್ರೇ?"

ಇನ್ನೊಂದು ಕೈಯಲ್ಲಿ ಫೋನಿತ್ತು. ಅದರಲ್ಲಿ ಗುರುವಾರದ ಫೋಟೋ. ಐದು ಮೊಟ್ಟೆ, ಮೂಲೆಯಲ್ಲಿ ಒಂದು ಬಟ್ಟಲು, ಬಟ್ಟಲಿನಲ್ಲಿ ಮೂವತ್ತೆರಡು ಹಲ್ಲಿನ ತುಂಬು ನಗೆ.

"ಫೋಕಸ್ ಬಹಳ ಚೆನ್ನಾಗಿ ಬಂದಿದೆ ರೀ," ಎಂದಳು ಹಿಂದಿನಿಂದ ಹೆಂಡತಿ.

"ಅಂದ್ರೆ... ಗುರುವಾರದಿಂದಲೇ... ಆ ಪೈಪು? ಅಟ್ಟ?"

"ಪೈಪು ರಿಪೇರಿ ಮಾಡಿ ಅಂತ ಒಂದು ವರ್ಷ ಕೇಳಿದ್ದೆ. ಮಾಡಿದ್ರಾ?" ಎಂದಳು ಅವಳು.

"ಮರಿಗಳಿಗೋಸ್ಕರ ಅತ್ತೆ, ಮರಿಗಳಿಗೋಸ್ಕರ ನಾನು ಸುಮ್ಮನಿದ್ದದ್ದು!"

ಅತ್ತೆ ಹಲ್ಲು ಹಾಕಿಕೊಂಡು, ಎರಡು ಸಲ ಕಚ್ಚಿ ನೋಡಿಕೊಂಡು, ನಿಧಾನವಾಗಿ ಹೇಳಿದರು. "ಮರಿಗಳಿಗೋಸ್ಕರ ಸುಮ್ಮನಿದ್ದದ್ದು ನಾನು. ನೀವು ಸುಮ್ಮನಿದ್ದದ್ದು ನನಗೆ ಹೆದರಿ."

ಸ್ಟುಡಿಯೋದವರು ಖಾಲಿ ಬಟ್ಟಲನ್ನು ಸೋಪು ಹಾಕಿ ತೊಳೆಯತೊಡಗಿದರು.

ಸೋಮವಾರ ಅಂಗಡಿ ತೆರೆಯುವಾಗ ಶೋಕೇಸಿನಲ್ಲಿ, ಮದುಮಕ್ಕಳ ಫೋಟೋಗಳ ನಡುವೆ, ಹೊಸದೊಂದು ದೊಡ್ಡ ಚಿತ್ರ ತೂಗುತ್ತಿತ್ತು. ಅತ್ತೆಯ ಆಜ್ಞೆ, ಹೆಂಡತಿಯ ಮೊಳೆ, ಪೆಟ್ಟಿಗೆಯ ಮುಚ್ಚಳದಿಂದ ಬಿಚ್ಚಿದ ಅದೇ ಗಾಜು. ಐದು ಮೊಟ್ಟೆ ಮತ್ತು ಒಂದು ಬಟ್ಟಲು. ಕೆಳಗೆ ಅವರದೇ ಮಾತು ದಪ್ಪಕ್ಷರದಲ್ಲಿ: "ಕತ್ತಲಲ್ಲಿ ನನ್ನ ಕೈ ತಪ್ಪಿದ್ದೇ ಇಲ್ಲ." ಅದನ್ನು ತೆಗೆಯುವ ಧೈರ್ಯ ಅವರಿಗೆ ಇನ್ನೂ ಬಂದಿಲ್ಲ. ಅವರ ಕೊರಗು ಮಾತ್ರ ತೀರಿದೆ. ಈಗ ಗಿರಾಕಿಗಳು ಶೋಕೇಸು ನೋಡಿ ಒಳಗೆ ಬಂದು, ಕ್ಯಾಮೆರಾದ ಮುಂದೆ ಕೂತು, ಅವರ ಮುಖ ನೋಡುತ್ತಾರೆ. "ಸ್ವಲ್ಪ ನಗಿ" ಎಂದು ಯಾರಿಗೂ ಹೇಳಬೇಕಾಗಿ ಬಂದಿಲ್ಲ.