ಎಪ್ಪತ್ತೆರಡು ಹೆಜ್ಜೆಯ ತಂತಿ

ನಾಮಫಲಕ ಪರವಾನಗಿ ಕಚೇರಿಯಲ್ಲಿ ಸ್ವೀಕೃತಿ ವಿಭಾಗದಿಂದ ಮಂಜೂರಾತಿ ವಿಭಾಗಕ್ಕೆ ಎಪ್ಪತ್ತೆರಡು ಹೆಜ್ಜೆ. ಇದು ಬಾಯಿಮಾತಲ್ಲ, ಐದು ಜನರ ಸಮಿತಿಯೊಂದು ಮೂರು ವಾರ ನಡೆದು ನೋಡಿ ನಿಗದಿ ಮಾಡಿದ ಅಂಕಿ. ವಾಪಸ್ ಬರುವಾಗ ಎಪ್ಪತ್ತನಾಲ್ಕು ಆಗುತ್ತದೆಂದು ಒಬ್ಬ ಸದಸ್ಯರು ತಕರಾರು ತೆಗೆದಿದ್ದರು. ವಾಪಸ್ ಬರುವುದು ಕಚೇರಿ ಕೆಲಸದ ವ್ಯಾಪ್ತಿಗೆ ಸೇರುವುದಿಲ್ಲವೆಂದು ಅದನ್ನು ಕೈಬಿಡಲಾಯಿತು.

ಎರಡು ವಿಭಾಗಗಳ ನಡುವೆ ಇರುವುದು ಒಂದೇ ಗೋಡೆ. ಗೋಡೆಯಲ್ಲಿ ಬಾಗಿಲಿದೆ, ಬಾಗಿಲಿಗೆ ಬೀಗವಿದೆ. ಬೀಗ ಒಂದು ವಿಭಾಗದ್ದು, ಕೀಲಿ ಇನ್ನೊಂದರದ್ದು. ಆದ್ದರಿಂದ ಈಚೆ ಕೋಣೆಯಿಂದ ಹೊರಟವರು ಓಣಿಯಂಥ ಮೊಗಸಾಲೆ ಹಿಡಿದು, ನೀರಿನ ಡ್ರಮ್ಮು ಬಳಸಿ, ಕಾಲು ಮುರಿದ ಕುರ್ಚಿಗಳ ಗುಡ್ಡೆ ದಾಟಿ ಆಚೆ ಕೋಣೆ ಸೇರಬೇಕು. ಹೀಗೆ ದಿನಕ್ಕೆ ನಲವತ್ತು ಸಲ ಸೇರುವವಳು ಓಡಾಟದಕ್ಕ. ಹೆತ್ತವರು ಇಟ್ಟ ಹೆಸರೊಂದು ಅವಳಿಗಿತ್ತು. ಸೇವಾ ಪುಸ್ತಕದ ಆ ಪುಟಕ್ಕೆ ಗೆದ್ದಲು ಹಿಡಿದ ಮೇಲೆ ಅದರ ಅಗತ್ಯ ಯಾರಿಗೂ ಬೀಳಲಿಲ್ಲ.

ಸ್ವೀಕೃತಿಯ ಕಂಪ್ಯೂಟರಿನಲ್ಲಿ ಅರ್ಜಿ ಟೈಪ್ ಮಾಡುತ್ತಾರೆ. ಅಚ್ಚಾದ ಹಾಳೆಯನ್ನು ಓಡಾಟದಕ್ಕ ಒಯ್ದು ಕೊಡುತ್ತಾಳೆ. ಮಂಜೂರಾತಿಯ ಕಂಪ್ಯೂಟರಿನಲ್ಲಿ ಅದನ್ನೇ ಮತ್ತೆ ಟೈಪ್ ಮಾಡುತ್ತಾರೆ. ಹದಿನೆಂಟು ವರ್ಷ ಎಲ್ಲರೂ ಸುಖವಾಗಿದ್ದರು. ಆಮೇಲೆ ಮೇಲಿನಿಂದ ಆದೇಶ ಬಂತು.

"ಸದರಿ ಎರಡೂ ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸತಕ್ಕದ್ದು. ತಂತಿಯಲ್ಲಿ ಮೊದಲ ಅಕ್ಷರ ತಲುಪಿದ ದಿನವೇ ಓಡಾಟದ ಹುದ್ದೆ ರದ್ದಾಗತಕ್ಕದ್ದು. ಸದರಿ ಹುದ್ದೆಗೆ ಕೊಟ್ಟಿರುವ ಹಿತ್ತಲ ಕೋಣೆಯನ್ನು ಒಂದು ವಾರದೊಳಗೆ ತೆರವುಗೊಳಿಸತಕ್ಕದ್ದು."

ಈ ಆದೇಶವನ್ನು ಸ್ವೀಕೃತಿಯಿಂದ ಮಂಜೂರಾತಿಗೆ ಒಯ್ದು ಸಹಿ ಮಾಡಿಸಿಕೊಂಡು ಬಂದವಳೂ ಓಡಾಟದಕ್ಕನೇ.

ಹಿತ್ತಲ ಕೋಣೆಯಲ್ಲಿ ಅವಳು ಮತ್ತು ಅವಳ ಅತ್ತೆ ಇಬ್ಬರೇ. ಅತ್ತೆಗೆ ಕಣ್ಣು ಮಂಜು, ನಾಲಿಗೆ ಮಾತ್ರ ಹೊಸ ಕತ್ತರಿ.

"ಕೋಣೆ ಬಿಟ್ಟು ಎಲ್ಲಿಗೆ ಹೋಗ್ಬೇಕಂತೆ?" ಅತ್ತೆ ಕೇಳಿದಳು.

"ಅದನ್ನ ಬರೆದಿಲ್ಲ ಅತ್ತೆ."

"ಬರೀತಾರೆ, ಬರೀತಾರೆ. ಅಂಥದ್ದು ಬರೆಯೋಕೆ ಇನ್ನೊಂದು ಸಮಿತಿ ಬೇಕಲ್ಲ."

ಸೋಮವಾರ ತಂತಿಯವನು ಬಂದ. ಹೆಗಲಿಗೊಂದು ಚೀಲ, ಕಿವಿಯ ಮೇಲೊಂದು ತಿರುಪುಳಿ. ಎರಡೂ ಕಂಪ್ಯೂಟರುಗಳ ಬೆನ್ನು ತಿರುಗಿಸಿ, ಧೂಳು ಊದಿ, ಕೆಮ್ಮಿ, ಇವಕ್ಕೆ ಹೊಂದುವುದು ಸೀರಿಯಲ್ ತಂತಿ ಒಂದೇ ಎಂದು ತೀರ್ಪು ಕೊಟ್ಟ.

"ಹಾಗಂದ್ರೆ?" ಎಂದರು ಸ್ವೀಕೃತಿ ಸಾಹೇಬರು.

"ಅಕ್ಷರಗಳು ಒಂದರ ಹಿಂದೆ ಒಂದು ಸಾಲಾಗಿ ಹೋಗ್ತವೆ ಸಾರ್."

"ಹಿಂದಿನದು ಮುಂದಿನದನ್ನ ತಳ್ಳಲ್ಲ ತಾನೆ?"

"ತಳ್ಳಲ್ಲ."

"ನಮ್ಮ ಜನಕ್ಕಿಂತ ವಾಸಿ," ಎಂದು ಸಾಹೇಬರು ಕಿಟಕಿಯಾಚೆಯ ಸರತಿಯನ್ನು ನೋಡಿದರು.

ಗೋಡೆಗೆ ಒಂದು ತೂತು ಕೊರೆದರು. ಅದರ ಎರಡೂ ಬದಿಗೆ ಫಲಕ ಬಿತ್ತು: "ಈ ರಂಧ್ರವು ತಂತಿಗೆ ಮಾತ್ರ. ಇದರ ಮೂಲಕ ಇಣುಕುವುದು, ಮಾತನಾಡುವುದು, ಕಾಗದ ತೂರಿಸುವುದನ್ನು ನಿಷೇಧಿಸಿದೆ." ಹಾಗಾಗಿ ಈಚೆ ಒತ್ತಿದ ಅಕ್ಷರ ಆಚೆ ಬಂತೋ ಇಲ್ಲವೋ ಎಂದು ತಿಳಿಯಲು ಒಬ್ಬರು ನಡೆದುಹೋಗಿ ನೋಡಿ ಬರಬೇಕಾಯಿತು. ಕಚೇರಿಯಲ್ಲಿ ನಡೆಯಲು ಅಧಿಕಾರವಿದ್ದದ್ದು ಒಬ್ಬಳಿಗೇ. ತನ್ನ ಹುದ್ದೆ ಹೋಯಿತೋ ಇನ್ನೂ ಇದೆಯೋ ಎಂದು ನೋಡಿ ಬಂದು ವರದಿ ಮಾಡುವ ಕೆಲಸ ಓಡಾಟದಕ್ಕನ ಪಾಲಿಗೆ ಬಂತು.

ಮೊದಲ ತೊಡಕು ಎಳೆಗಳದ್ದು. ತಂತಿಯವನು ತಂತಿಯ ಸಿಪ್ಪೆ ಸುಲಿದು ತೋರಿಸಿದ. "ಮೂರು ಎಳೆ ಸಾರ್. ಒಂದು ಬಾಯಿ, ಒಂದು ಕಿವಿ, ಮೂರನೇದು ಇಬ್ರಿಗೂ ನೆಲ. ಇದರ ಬಾಯಿನ ಅದರ ಕಿವಿಗೆ ಕಟ್ಟಬೇಕು, ಅದರ ಬಾಯಿನ ಇದರ ಕಿವಿಗೆ."

ಇಲ್ಲಿ ಒಂದು ವಿಷಯ ಹೇಳಬೇಕು. ಸ್ವೀಕೃತಿ ಸಾಹೇಬರೂ ಮಂಜೂರಾತಿ ಸಾಹೇಬರೂ ಷಡ್ಡಕರು, ಅಕ್ಕತಂಗಿಯರ ಗಂಡಂದಿರು. ಒಂದೇ ದಿನ ಕೆಲಸಕ್ಕೆ ಸೇರಿದವರು. ಸ್ವೀಕೃತಿಯವರು ಹತ್ತು ಗಂಟೆಗೆ ಸಹಿ ಹಾಕಿದ್ದರು, ಮಂಜೂರಾತಿಯವರು ಹತ್ತೂಕಾಲಿಗೆ. ಆ ಹದಿನೈದು ನಿಮಿಷ ಹದಿನೆಂಟು ವರ್ಷದಿಂದ ಕಳೆದಿರಲಿಲ್ಲ.

"ನಮ್ಮ ಬಾಯಿ, ಅವರ ಕಿವಿ. ಇದು ಸರಿ," ಎಂದರು ಹತ್ತು ಗಂಟೆಯವರು. "ಆದರೆ ಅವರ ಬಾಯಿಗೆ ನಮ್ಮ ಕಿವಿ ಯಾಕೆ ಕೊಡಬೇಕು?"

ಓಡಾಟದಕ್ಕ ಎಪ್ಪತ್ತೆರಡು ಹೆಜ್ಜೆ ನಡೆದು ಈ ಪ್ರಶ್ನೆಯನ್ನು ಹತ್ತೂಕಾಲಿನವರಿಗೆ ಮುಟ್ಟಿಸಿದಳು. ಅವರದೂ ಅದೇ ಪ್ರಶ್ನೆಯಾಗಿತ್ತು. ಇಬ್ಬರೂ ಒಪ್ಪಿದ್ದು ನಿಯಮಾವಳಿಯ ಒಂದೇ ಸಾಲನ್ನು: ಸಮಾನ ದರ್ಜೆಯವರು ಸಮಾನ ದರ್ಜೆಯವರೊಂದಿಗೆ ಮಾತ್ರ ವ್ಯವಹರಿಸತಕ್ಕದ್ದು. ಅದರಂತೆ ಬಾಯಿಗೆ ಬಾಯಿ, ಕಿವಿಗೆ ಕಿವಿ ಕಟ್ಟಲಾಯಿತು.

ನಾಲ್ಕು ದಿನ ಎರಡೂ ಕಂಪ್ಯೂಟರುಗಳು ಬಾಯಿಗೆ ಬಾಯಿ ಕೊಟ್ಟು ಮಾತಾಡಿದವು. ಕಿವಿಗೆ ಕಿವಿ ಕೊಟ್ಟು ಕಾದವು. "ಬಂತಾ?" ಎಂದು ತಂತಿಯವನು ಕೇಳುವುದು, "ಇಲ್ಲಪ್ಪ" ಎಂದು ಓಡಾಟದಕ್ಕ ಹೇಳುವುದು. ಆ ನಾಲ್ಕು ದಿನ ಅವಳ ಹೆಜ್ಜೆಯಲ್ಲಿ ಮದುವೆಗೆ ಮುಂಚಿನ ಲವಲವಿಕೆ ಇತ್ತು. ವಾರದ ವರದಿಯಲ್ಲಿ ಹೀಗೆ ದಾಖಲಾಯಿತು: "ಉಭಯ ವಿಭಾಗಗಳ ನಡುವೆ ಮಾತುಕತೆ ಸೌಹಾರ್ದದಿಂದ ಮುಂದುವರಿದಿದೆ."

ಐದನೆಯ ದಿನ ತಂತಿಯವನು ಕುರ್ಚಿಗಳ ಗುಡ್ಡೆಯ ಮರೆಯಲ್ಲಿ ಅವಳನ್ನು ನಿಲ್ಲಿಸಿಕೊಂಡ. "ಅಕ್ಕಾ, ಇದು ಮುಗಿಯೋವರೆಗೂ ನನ್ನ ಬೇರೆ ಕಡೆ ಬಿಡಲ್ವಂತೆ. ಮನೇಲಿ ನನ್ನ ಮಗು ನನ್ನ ನೋಡಿ ಮಾಮ ಅಂತು. ನಾನು ಒಳಗಡೆ ಎಳೆ ಅದಲುಬದಲು ಮಾಡಿ ಮೇಲೆ ಟೇಪ್ ಸುತ್ತಿಬಿಡ್ತೀನಿ. ನೋಡೋಕೆ ನೆಟ್ಟಗೇ ಕಾಣುತ್ತೆ."

"ನಿನ್ನ ಹೊಟ್ಟೆಪಾಡು ನಿನಗೆ. ಮಾಡಪ್ಪ," ಎಂದಳು ಓಡಾಟದಕ್ಕ. ಅವಳ ಹೊಟ್ಟೆಪಾಡಿನ ಮಾತು ಅಲ್ಲಿ ಯಾರೂ ಎತ್ತಲಿಲ್ಲ.

ಎಳೆ ಸರಿಹೋಯಿತು, ಆದರೆ ವೇಗದ ತೊಡಕು ಉಳಿಯಿತು. ಎರಡೂ ತುದಿಯಲ್ಲಿ ವೇಗ ಒಂದೇ ಇರಬೇಕು, ಇಲ್ಲದಿದ್ದರೆ ಅಕ್ಷರ ಕೆಡುತ್ತದೆಂದು ತಂತಿಯವನು ಎಷ್ಟು ಹೇಳಿದರೂ, ತಮ್ಮದು ಅವರದಕ್ಕಿಂತ ಒಂದು ಮೆಟ್ಟಿಲು ಮೇಲಿರಲಿ ಎಂದು ಒಬ್ಬೊಬ್ಬ ಸಾಹೇಬರೂ ಅವನ ಕಿವಿಯಲ್ಲಿ ಹೇಳಿದರು. ಎತ್ತು ಏರಿಗೆ, ಕೋಣ ನೀರಿಗೆ. ಒಂದು ಕ್ಷೌರದಂಗಡಿಯ ಅರ್ಜಿಯನ್ನು ಈಚೆಯಿಂದ ಬಿಟ್ಟರೆ ಆಚೆ ತೆರೆಯ ಮೇಲೆ ಮೂರು ಚೌಕ, ಒಂದು ಪ್ರಶ್ನಾರ್ಥಕ ಚಿಹ್ನೆ, ಬಾಲ ತುಂಡಾದ ಏನೋ ಒಂದು ಬಂತು.

ಇದನ್ನು ಅಕ್ಷರ ಎನ್ನಬಹುದೇ, ಹುದ್ದೆ ರದ್ದಾಯಿತೇ ಎಂದು ತೀರ್ಮಾನಿಸಲು ಸಭೆ ಸೇರಿತು. ಓಡಾಟದಕ್ಕ ಬಾಗಿಲ ಬಳಿ ಸೆರಗಿನ ತುದಿ ಹಿಂಡುತ್ತ ನಿಂತಳು. ಎರಡು ಗಂಟೆಯ ಚರ್ಚೆಯ ನಂತರ ಹೊರಬಿದ್ದ ನಿರ್ಣಯ: "ಓದಲು ಬಾರದ ಅಕ್ಷರವು ಅಕ್ಷರವಲ್ಲ. ಆದರೆ ಕಚೇರಿಯ ಉಳಿದ ಕಡತಗಳೊಂದಿಗೆ ಹೋಲಿಸಿದಾಗ ಗಮನಾರ್ಹ ವ್ಯತ್ಯಾಸ ಕಂಡುಬಾರದ ಕಾರಣ ಮಂಜೂರು ಮಾಡಲು ಅಡ್ಡಿಯಿಲ್ಲ."

ಕ್ಷೌರಿಕನಿಗೆ ಪರವಾನಗಿ ಸಿಕ್ಕಿತು. ಮಂಜೂರಾದದ್ದನ್ನು ಬಿಟ್ಟು ಬೇರೆ ಬರೆಸಿದರೆ ದಂಡವಿದ್ದುದರಿಂದ ಅವನು ಮೂರು ಚೌಕ, ಒಂದು ಪ್ರಶ್ನೆ, ಒಂದು ಬಾಲವನ್ನೇ ಕೆಂಪು ಬಣ್ಣದಲ್ಲಿ ಬರೆಸಿ ತೂಗುಹಾಕಿದ. ತಲೆಗಳು ಎಂದಿನಂತೆ ಬಂದವು. ಪಕ್ಕದ ಹೊಲಿಗೆಯವನು ತನಗೂ ಅಂಥದ್ದೇ ಬೇಕೆಂದು ಅರ್ಜಿ ಹಾಕಿದ.

ತಂತಿಯವನಿಗೆ ತಲೆ ಕೆಟ್ಟಿತು. ಬುಧವಾರ ಇಬ್ಬರೂ ಸಾಹೇಬರು ಊಟಕ್ಕೆ ಹೋದ ಹೊತ್ತು ನೋಡಿ ಎರಡೂ ತುದಿಗೆ ಒಂದೇ ವೇಗ ಇಟ್ಟ. ಓಡಾಟದಕ್ಕನನ್ನು ಆಚೆಗೆ ಕಳಿಸಿದ. ಅಲ್ಲಿ ಗುಮಾಸ್ತ ಚಹಾಕ್ಕೆ ಹೋಗಿದ್ದ. ಕೋಣೆಯಲ್ಲಿದ್ದದ್ದು ಅವಳು, ತಿರುಗುವ ಫ್ಯಾನು, ಆ ಕಂಪ್ಯೂಟರು. ಕಪ್ಪು ತೆರೆಯ ಮೂಲೆಯಲ್ಲಿ ಹಸಿರಾಗಿ, ದುಂಡಗೆ, ಒಂದು 'ಅ' ಬಂದು ಕೂತಿತು.

ಅವಳು ನೋಡಿದಳು. ಅದೂ ಅವಳನ್ನೇ ನೋಡುತ್ತಿರುವಂತಿತ್ತು.

ಹಿಂದಿನ ದಿನ ಸಂಜೆಯಷ್ಟೇ ಅತ್ತೆ ಬಟ್ಟೆ ಮಡಚುತ್ತ ಹೇಳಿದ್ದಳು: "ಬಂದಿಲ್ಲ ಅಂತ ಒಂದು ಮಾತು ಅಂದುಬಿಟ್ರೆ ನಿನ್ನ ಗಂಟೇನು ಹೋಗುತ್ತೆ? ಯಾರು ನಡೆದು ಬಂದು ನೋಡ್ತಾರೆ? ನಡೆಯೋಕೆ ಅವರಿಗೆಲ್ಲ ಅಧಿಕಾರವೇ ಇಲ್ಲ." ಅತ್ತೆಯ ಕಾನೂನು ಯಾವತ್ತೂ ತಪ್ಪಿದ್ದಿಲ್ಲ.

ಕುರ್ಚಿಗಳ ಗುಡ್ಡೆ ದಾಟುವಾಗ ಓಡಾಟದಕ್ಕ 'ಬಂದಿಲ್ಲ' ಅಂದುಕೊಂಡಳು. ನೀರಿನ ಡ್ರಮ್ಮಿನ ಹತ್ತಿರವೂ 'ಬಂದಿಲ್ಲ' ಎಂದೇ ಇತ್ತು. ಸ್ವೀಕೃತಿಯ ಹೊಸಿಲಿಗೆ ಬಂದಾಗ ಬಾಯಿಂದ ಹೊರಬಿದ್ದದ್ದು, "ಬಂತು."

"ಏನು ಬಂತು?"

"ಅ."

ತಂತಿಯವನು ನೆಲದ ಮೇಲೇ ಕೂತುಬಿಟ್ಟ. ಕುಣಿಯಬೇಕಾದವನ ಮುಖ ಸಣ್ಣಗಾಯಿತು. "ಇಲ್ಲ ಅಂದಿದ್ರೆ ನಾನೇನು ಬಂದು ನೋಡ್ತಿರಲಿಲ್ಲ ಅಕ್ಕಾ."

"ಹದಿನೆಂಟು ವರ್ಷ ಈ ಕೋಣೇಲಿ ಕೊಟ್ಟಿದ್ದನ್ನ ಆ ಕೋಣೇಲಿ ಹಾಗೇ ಇಟ್ಟಿದೀನಿ ಕಣಪ್ಪ. ದಾರೀಲಿ ಒಂದು ಚೂರೂ ಬೀಳಿಸಿಲ್ಲ. ಇವತ್ತು ಒಂದು ಅಕ್ಷರ ಬೀಳಿಸ್ಲಾ?"

ಸಂಜೆ ಅತ್ತೆ ಪಾತ್ರೆಗಳನ್ನು ಒಂದರೊಳಗೊಂದು ಸೇರಿಸಿ ಕಟ್ಟತೊಡಗಿದಳು. ಅದು ಬೈಗುಳಕ್ಕಿಂತ ಹೆಚ್ಚು ಸದ್ದು ಮಾಡಿತು.

ಮರುದಿನ ಹುದ್ದೆ ರದ್ದು ಮಾಡುವ ಸಭೆ. ಸದರಿ 'ಅ' ಬಂದ ಬಗ್ಗೆ ಒಳಬಂದ ಪತ್ರಗಳ ಪುಸ್ತಕದಲ್ಲಿ ನಮೂದಿಸಬೇಕಿತ್ತು. ಮಂಜೂರಾತಿ ಸಾಹೇಬರು ಕನ್ನಡಕ ಏರಿಸಿ ಬೆರಳಿಟ್ಟರು. "ತಂದವರ ಸಹಿ ಎಲ್ಲಿ?"

"ತಂತೀಲಿ ಬಂದಿದ್ದು ಸಾರ್. ಯಾರೂ ತಂದಿಲ್ಲ," ಎಂದ ತಂತಿಯವನು.

"ತಂದವರಿಲ್ಲದೆ ಬಂದದ್ದನ್ನ ಏನಂತಾರೆ? ಅನಾಮಧೇಯ ಪತ್ರ. ಅನಾಮಧೇಯ ಪತ್ರದ ಮೇಲೆ ಕ್ರಮ ಜರುಗಿಸುವ ಹಾಗಿಲ್ಲ."

ಸ್ವೀಕೃತಿ ಸಾಹೇಬರಿಗೆ ಷಡ್ಡಕನ ಮಾತು ಹದಿನೆಂಟು ವರ್ಷದಲ್ಲಿ ಮೊದಲ ಸಲ ಸರಿಯೆನಿಸಿತು. ಅದು ಅವರಿಗೇ ಭಯ ಹುಟ್ಟಿಸಿದ್ದರಿಂದ ಕೂಡಲೇ ಬೇರೆ ಜಗಳ ತೆಗೆದರು. "ಅದಿರಲಿ. ಎರಡೂ ಕಡೆ ಒಂದೇ ವೇಗ ಇಟ್ಟಿದ್ದು ಯಾರು? ಅದು ಅವರ ವೇಗವೋ ನನ್ನ ವೇಗವೋ? ಅವರದಾದರೆ ನಾನು ಒಪ್ಪಲ್ಲ."

"ಅವರದಾದರೆ ನಾನೂ ಒಪ್ಪಲ್ಲ," ಎಂದರು ಮಂಜೂರಾತಿಯವರು.

ತಂತಿಯವನು ತಿರುಪುಳಿಯನ್ನು ಮೇಜಿನ ಮೇಲೆ ಎಸೆದ. "ಯಾರದೂ ಬೇಡ ಸಾರ್. ಅಕ್ಕನ ವೇಗ ಇಡಿ. ಅವಳು ಹೊರಟಾಗ ಅಕ್ಷರ ಹೊರಡಲಿ, ಅವಳು ತಲುಪಿದಾಗ ತಲುಪಲಿ. ಸಹಿನೂ ಅವಳೇ ಹಾಕಲಿ."

ಅವನು ಸಿಟ್ಟಿನಲ್ಲಿ ಅಂದದ್ದು. ನಡಾವಳಿಯಲ್ಲಿ 'ತಜ್ಞರ ಅಭಿಪ್ರಾಯ' ಎಂದು ದಾಖಲಾಯಿತು. ಇಬ್ಬರ ಮರ್ಯಾದೆಯೂ ಉಳಿಯುವ ವೇಗ ಲೋಕದಲ್ಲಿ ಅದೊಂದೇ ಇದ್ದುದರಿಂದ ಅಂದೇ ಆದೇಶ ಹೊರಟಿತು.

"ತಂತಿಯ ವೇಗವನ್ನು ಒಂದು ಅಕ್ಷರಕ್ಕೆ ಎಪ್ಪತ್ತೆರಡು ಹೆಜ್ಜೆ ಎಂದು ನಿಗದಿಪಡಿಸಲಾಗಿದೆ. ಅಕ್ಷರವು ಒಂಟಿಯಾಗಿ ಪ್ರಯಾಣಿಸತಕ್ಕದ್ದಲ್ಲ. ಓಡಾಟದ ಹುದ್ದೆಯನ್ನು 'ಅಕ್ಷರ ಸಹಯಾತ್ರಿ' ಎಂದು ಮೇಲ್ದರ್ಜೆಗೇರಿಸಲಾಗಿದೆ. ಅಕ್ಷರ ತಲುಪಿದ ವಿಷಯವನ್ನು ಹಿಂದಿರುಗಿ ತಿಳಿಸುವುದು ಅನಿವಾರ್ಯವಾದ ಕಾರಣ ವಾಪಸ್ ಬರುವುದನ್ನೂ ಇನ್ನು ಮುಂದೆ ಕೆಲಸವೆಂದು ಪರಿಗಣಿಸಲಾಗುವುದು."

ಎಪ್ಪತ್ತನಾಲ್ಕು ಹೆಜ್ಜೆಯ ತಕರಾರು ತೆಗೆದಿದ್ದ ಸದಸ್ಯರು, ಈಗ ನಿವೃತ್ತರು, ಇದನ್ನು ಕೇಳಿ ಮನೆಯಲ್ಲಿ ಕಣ್ಣೊರೆಸಿಕೊಂಡರಂತೆ.

ಅಂದಿನಿಂದ ಕ್ರಮ ಹೀಗಿದೆ. ಸ್ವೀಕೃತಿಯಲ್ಲಿ ಒಂದು ಅಕ್ಷರ ಒತ್ತುತ್ತಾರೆ. ಓಡಾಟದಕ್ಕ ಬರಿಗೈಯಲ್ಲಿ ಹೊರಡುತ್ತಾಳೆ. ಅಕ್ಷರ ಅವಳಿಗಿಂತ ಮುಂಚೆ ತಲುಪಿ ಅಶಿಸ್ತು ತೋರುವುದರಿಂದ ಮಂಜೂರಾತಿಯ ಗುಮಾಸ್ತ ತೆರೆಯ ಮೇಲೆ ಟವೆಲ್ ಹೊದಿಸಿ ಕಾಯುತ್ತಾನೆ. ಅವಳು ಬಂದು ಸಹಿ ಹಾಕಿದ ಮೇಲೆ ಟವೆಲ್ ಎತ್ತುತ್ತಾನೆ. ಮೊದಲು ಒಂದು ಅರ್ಜಿಗೆ ಒಂದು ನಡಿಗೆ ಸಾಕಾಗುತ್ತಿತ್ತು. ಈಗ ಇನ್ನೂರು ಬೇಕು. ಅರ್ಜಿದಾರರಲ್ಲಿ ತಿಳಿದವರು ಅಂಗಡಿಗೆ ಎರಡಕ್ಷರದ ಹೆಸರಿಡುತ್ತಿದ್ದಾರೆ.

"ಅಂದ್ರೆ ಮೊದಲು ಕಾಗದ ಹಿಡ್ಕೊಂಡು ನಡೀತಿದ್ದೆ, ಈಗ ಏನೂ ಇಲ್ದೆ ನಡೀತೀಯ," ಎಂದಳು ಅತ್ತೆ, ಪಾತ್ರೆಗಳ ಗಂಟು ಬಿಚ್ಚುತ್ತ.

"ಹೂಂ ಅತ್ತೆ."

"ಹಗುರ ಆಯ್ತು ಬಿಡು."

ಮೂರನೆಯ ತಿಂಗಳು ಓಡಾಟದಕ್ಕನ ಎಡ ಮಂಡಿ ಹಿಡಿಯಿತು. ಕಿಟಕಿಯ ಮೇಲೆ ಫಲಕ ಬಿತ್ತು: "ಮಂಡಿನೋವಿನ ನಿಮಿತ್ತ ನೆಟ್‌ವರ್ಕ್ ನಿಧಾನವಾಗಿದೆ. ಸಾರ್ವಜನಿಕರು ಸಹಕರಿಸುವುದು."

ಸರತಿಯಲ್ಲಿದ್ದ ಹೊಲಿಗೆಯವನು ಓದಿ ಮರುಗಿ, ಮನೆಯಿಂದ ನೋವಿನೆಣ್ಣೆಯ ಶೀಷೆ ತಂದು ಕಿಟಕಿಯಲ್ಲಿ ಕೊಟ್ಟ. ಅದನ್ನು ಅರ್ಜಿಯ ಲಗತ್ತು ಎಂದು ಸ್ವೀಕರಿಸಿದರು. ಶೀಷೆ ತಂತಿಯಲ್ಲಿ ಹೋಗುವಂಥದ್ದಲ್ಲವಾದ್ದರಿಂದ ಓಡಾಟದಕ್ಕನೇ ಕುಂಟುತ್ತ ಅದನ್ನು ಆಚೆ ಕೋಣೆಗೆ ಒಯ್ದು, ಮಂಜೂರು ಮಾಡಿಸಿ, ವಾಪಸ್ ತಂದು, ಡ್ರಮ್ಮಿನ ಹತ್ತಿರ ಕೂತು ಹಚ್ಚಿಕೊಂಡಳು.

ಮರುದಿನ ಕ್ಷೌರಿಕ ಅಂಗಡಿಗೆ ಬೀಗ ಹಾಕಿ ಬಂದು ಸರತಿಯ ಕೊನೆಗೆ ನಿಂತ. ಪರವಾನಗಿ ನವೀಕರಿಸಬೇಕಿತ್ತು, ಮೂರು ಚೌಕ ಹಾಗೇ ಇರಲೆಂದು.

"ನೆಟ್‌ವರ್ಕ್ ಹೇಗಿದೆ ಇವತ್ತು?" ಮುಂದಿದ್ದ ಹೊಲಿಗೆಯವನನ್ನು ಕೇಳಿದ.

"ಪರವಾಗಿಲ್ಲ. ನಿನ್ನೆ ಎಣ್ಣೆ ಹಚ್ಚಿದಾರೆ. ಬೆಳಿಗ್ಗೆಯಿಂದ ಆಗಲೇ ಹನ್ನೊಂದು ಅಕ್ಷರ ಆಯ್ತು."

"ಒಳ್ಳೇದಾಯ್ತು," ಎಂದ ಕ್ಷೌರಿಕ. "ಬಿಸಿನೀರಿನ ಶಾಖಾನೂ ಕೊಡೋಕೆ ಹೇಳಿ."