ಒಂದೇ ತುಂಡಿನ ಕಾರ್ಪೆಟ್ಟು

ಎಲ್ಲದಕ್ಕೂ ಮೂಲ, ಕೆರೆಯ ದೋಣಿಕಟ್ಟೆಯ ಕಂಬಕ್ಕೆ ದೋಣಿ ಸಂಘದವರು ಅಂಟಿಸಿದ್ದ ಅಂಗೈಯಗಲದ ಒಂದು ನೋಟೀಸು. ಎಲ್ಲಕ್ಕಿಂತ ಚೊಕ್ಕಟವಾದ ದೋಣಿಗೆ ಈ ಭಾನುವಾರ ಕಟ್ಟೆಯ ಕೊನೆಯ ಜಾಗ ಸಿಗುತ್ತದೆ. ಗೆದ್ದವರು ಹೊತ್ತು ಮುಳುಗುವುದರೊಳಗೆ ದೋಣಿಯನ್ನು ಅಲ್ಲಿಗೆ ಸಾಗಿಸಬೇಕು, ತಪ್ಪಿದರೆ ಜಾಗ ಎರಡನೆಯವರ ಪಾಲು.

ಕಟ್ಟೆಯ ಕೊನೆ ಎಂದರೆ ಒಂದು ದೊಡ್ಡ ಮರದ ನೆರಳು, ಅದರಾಚೆ ಬರೀ ನೀರು, ನೀರಿನ ಮೇಲೆ ಮೌನ. ಗುಮಾಸ್ತರು ವಾರಕ್ಕೆ ಆರು ದಿನ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೂತು ಊರಿನ ಬೈಗುಳವನ್ನೆಲ್ಲ ಕೇಳುವವರು. ಏಳನೆಯ ದಿನದ ಮೌನಕ್ಕೆಂದೇ ಹಳೆಯ ದೋಣಿಯೊಂದನ್ನು ಕೊಂಡಿದ್ದರು. ಆದರೆ ಹಣೆಬರಹ, ಪಕ್ಕದ ದೋಣಿ ನಿವೃತ್ತ ಬಸ್ ಕಂಡಕ್ಟರರದು. ಮೂವತ್ತೈದು ವರ್ಷ ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಅವರ ಗಂಟಲು ಪಿಸುಮಾತನ್ನೇ ಮರೆತಿತ್ತು. ಅವರೊಂದು ಗುಟ್ಟು ಹೇಳಿದರೆ ಆಚೆ ದಡದ ಕೊಕ್ಕರೆ ಹಾರಿಹೋಗುತ್ತಿತ್ತು.

ಗುಮಾಸ್ತರ ದೋಣಿಯಲ್ಲಿ ಎಲ್ಲವೂ ನೆಟ್ಟಗಿತ್ತು, ಚಕ್ರ ಹಿಡಿದು ಕೂರುವ ಕಾಕ್‌ಪಿಟ್ಟಿನ ನೆಲವೊಂದನ್ನು ಬಿಟ್ಟು. ಬಣ್ಣ ಎದ್ದು, ಕಲೆ ಬಿದ್ದು, ಅದು ಇಲಿ ಕಡಿದ ರೊಟ್ಟಿಯಂತಿತ್ತು. ಅಂಗಡಿಯವನು ಹೇಳಿದ ಬೆಲೆಗೆ ದೋಣಿ ಮಾರಿ ಕಾರ್ಪೆಟ್ಟು ಕೊಳ್ಳಬೇಕಿತ್ತು. ಗುಮಾಸ್ತರು ಸೋಲಲಿಲ್ಲ. ವಸ್ತುಪ್ರದರ್ಶನ ಮುಗಿದ ಮೇಲೆ ಮಳಿಗೆಯವರು ಕಿತ್ತೆಸೆದಿದ್ದ ಬೂದು ಕಾರ್ಪೆಟ್ಟನ್ನು ತಂದು, ತೊಳೆದು, ಒಣಗಿಸಿ, ಭಾನುವಾರ ಬೆಳಗ್ಗೆ ಹೆಗಲ ಮೇಲೆ ಹೊತ್ತು ಕಟ್ಟೆಗೆ ಬಂದರು.

“ಏನ್ ಗುಮಾಸ್ತರೇ, ಯಾರನ್ನ ಸುತ್ಕೊಂಡು ತಂದ್ರಿ?” ಕಂಡಕ್ಟರರು ತಮ್ಮ ದೋಣಿಯಿಂದಲೇ ಕೂಗಿದರು.

“ಕಾರ್ಪೆಟ್ಟು.”

“ಹಾಗಾದ್ರೆ ಅಳತೆಗೆ ಬಗ್ಗೋ ಮುಂಚೆ ಜೇಬಲ್ಲಿರೋ ಎಂಜಿನ್ ಕೀ ತೆಗೀರಿ. ಹೋದ ತಿಂಗಳು ಒಂದು ನೀರಿಗೆ ಬಿತ್ತಲ್ಲ, ಇರೋದೊಂದನ್ನೂ ಮೀನಿಗೆ ಕೊಡ್ತೀರಾ? ಆ ನೆಲದ ಗೂಡಲ್ಲಿ ಹಾಕಿ ಮುಚ್ಚಳ ಮುಚ್ಚಿ.”

ಮಾತು ಮುಗಿದರೆ ಸಾಕೆಂದು ಗುಮಾಸ್ತರು ಹಾಗೇ ಮಾಡಿದರು. ಮಾತು ಮುಗಿಯಲಿಲ್ಲ.

ಹಳೆಯ ಪೇಪರುಗಳನ್ನು ಟೇಪಿನಿಂದ ಜೋಡಿಸಿ ನೆಲಕ್ಕೆ ಹಾಸಿದರು. ಸೀಟಿನ ಬುಡ, ಮೂಲೆಯ ತಿರುವು, ಎಲ್ಲವನ್ನೂ ಪೆನ್ಸಿಲಿನಲ್ಲಿ ಗೀಚಿದರು. ಆ ಪೇಪರನ್ನು ಕಾರ್ಪೆಟ್ಟಿನ ಮೇಲಿಟ್ಟು ಕತ್ತರಿಸತೊಡಗಿದಾಗ ಕಂಡಕ್ಟರರು ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತು, “ಬಲಕ್ಕೆ, ಬಲಕ್ಕೆ... ಹೋಲ್ಡಾನ್! ತೇಪೆಗೀಪೆ ಹಾಕೀರಿ ಮತ್ತೆ, ಒಂದೇ ತುಂಡಿರಲಿ!” ಎಂದು ಬಸ್ಸು ಹಿಂದಕ್ಕೆ ತೆಗೆಸುವಂತೆ ಅವರನ್ನು ನಡೆಸಿದರು.

ಇನ್ನು ಅಂಟು. ಗುಮಾಸ್ತರು ಕಟ್ಟೆಯ ಕಡೆಗಿದ್ದ ಅಂಚಿನಿಂದ ಶುರುಮಾಡಿ ಅಂಟು ಬಳಿಯುತ್ತಾ, ಕಾರ್ಪೆಟ್ಟು ಬಿಚ್ಚಿ ಒತ್ತುತ್ತಾ ಒಳಕ್ಕೆ ಬಂದರು. ಕೊನೆಯ ಮೂಲೆಯನ್ನು ಒತ್ತಿ, ಸೀಟಿನ ಮೇಲೆ ಕಾಲು ಮಡಚಿ ಕೂತು ಬೆವರು ಒರೆಸಿಕೊಂಡ ಮೇಲೆ ಡಬ್ಬದ ಮೇಲಿದ್ದುದನ್ನು ಓದಿದರು: ನಾಲ್ಕು ಗಂಟೆ ತುಳಿಯಬಾರದು.

ಕಟ್ಟೆಗೂ ಅವರಿಗೂ ನಡುವೆ ಹಸಿ ಅಂಟಿನ ಕಾರ್ಪೆಟ್ಟು. ಹಿಂದೆ ನೀರು. ಎದುರಿಗೆ ಕಂಡಕ್ಟರರು.

“ಒಳ್ಳೇದೇ ಆಯ್ತು ಬಿಡಿ,” ಎಂದು ಕಂಡಕ್ಟರರು ಚಹಾದ ಫ್ಲಾಸ್ಕು ಬಿಚ್ಚಿದರು. “ನಾನು ಕೆಲಸಕ್ಕೆ ಸೇರಿದ ಮೊದಲನೇ ದಿನದಿಂದ ಹೇಳ್ತೀನಿ.”

ನಾಲ್ಕು ಗಂಟೆಯಲ್ಲಿ ಕಂಡಕ್ಟರರ ಕತೆ ಹನ್ನೊಂದನೇ ವರ್ಷಕ್ಕೆ ಬಂತು, ಅಂಟು ಒಣಗಿತು, ಸಂಘದ ಅಧ್ಯಕ್ಷೆ ಹೆಡ್‌ಮಿಸ್ ಬಂದರು. ಅವರು ಶಾಲೆಯಿಂದ ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಅವರನ್ನು ಕಂಡರೆ ಅಜ್ಜಂದಿರೂ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಚಪ್ಪಲಿ ಕಳಚಿ ದೋಣಿಗಿಳಿದು, ಕಾರ್ಪೆಟ್ಟಿನ ಅಂಚಿಗೆ ಬೆರಳಾಡಿಸಿ, ಕನ್ನಡಕ ಏರಿಸಿ ಹುಡುಕಿದರು.

“ಜೋಡಣೆ ಎಲ್ಲಿ?”

“ಇಲ್ಲ ಮೇಡಂ. ಒಂದೇ ತುಂಡು.”

“ನೂರಕ್ಕೆ ನೂರು!” ಎಂದರು ಹೆಡ್‌ಮಿಸ್. “ಎರಡನೇ ಸ್ಥಾನ ಕಂಡಕ್ಟರಿಗೆ.”

ಕಟ್ಟೆಯ ತುಂಬ ಚಪ್ಪಾಳೆ. ಹುಟ್ಟಿದಾಗಿನಿಂದ ಯಾರೂ ತಮಗಾಗಿ ಕೈ ತಟ್ಟಿದ್ದನ್ನು ಗುಮಾಸ್ತರು ಕೇಳಿರಲಿಲ್ಲ. ಅವರ ಎದೆ ಪೂರಿಯಂತೆ ಉಬ್ಬಿತು. ಸೂರ್ಯ ನೀರಿನಿಂದ ಎರಡು ಗೇಣು ಮೇಲಿದ್ದ. ಎಂಜಿನ್ ಶುರುಮಾಡಲು ಜೇಬಿಗೆ ಕೈ ಹಾಕಿದರು.

ಜೇಬು ಖಾಲಿ.

ಕಣ್ಣು ಮೆಲ್ಲನೆ ನೆಲಕ್ಕಿಳಿಯಿತು. ಗೂಡು ಎಲ್ಲಿತ್ತೆಂಬ ಗುರುತೂ ಉಳಿಯದಷ್ಟು ಚೆಂದದ ಕೆಲಸ! ಗುಮಾಸ್ತರು ಕತ್ತರಿ ಎತ್ತಿದರು.

“ಕತ್ತರಿಸಿದ್ರೆ ಅಂಕ ಕಳೀತೀನಿ,” ಎಂದರು ಹೆಡ್‌ಮಿಸ್.

ಆಗ ಗುಮಾಸ್ತರ ತಲೆಯಲ್ಲಿ ದೀಪ ಹೊತ್ತಿತು. ಜಾಗ ತಪ್ಪಿದರೆ ಎರಡನೆಯವರ ಪಾಲು. ಕಂಡಕ್ಟರರು ಅಲ್ಲಿಗೆ ಹೋದರೆ? ಇಲ್ಲೇ, ಈ ಹಳೆಯ ಜಾಗದಲ್ಲೇ ಮೌನ...

“ಕಂಡಕ್ಟರೇ,” ಅವರ ದನಿ ಸಂತೋಷಕ್ಕೆ ನಡುಗಿತು, “ನನ್ನ ಕೈಲಾಗಲ್ಲ. ಆ ಜಾಗಕ್ಕೆ ನೀವೇ ಹೋಗಿ.”

ಕಂಡಕ್ಟರರ ಕಣ್ಣು ತುಂಬಿ ಬಂತು. “ಗೆದ್ದ ಜಾಗಾನ ಬಿಟ್ಕೊಡ್ತೀರಾ? ಒಡಹುಟ್ಟಿದವನು ಬಸ್ಸಲ್ಲಿ ಸೀಟು ಬಿಟ್ಕೊಟ್ಟಿದ್ದು ನೋಡಿಲ್ಲ ನಾನು! ಅನ್ಯಾಯ ಆಗೋಕೆ ಬಿಡಲ್ಲ ತಮ್ಮಾ. ಹಗ್ಗ ಹಿಡಿ!”

ಬೇಡವೆನ್ನುವುದರೊಳಗೆ ಹಗ್ಗ ಬಿಗಿದಾಗಿತ್ತು. “ರೈಟ್!” ಎಂಬ ಕೂಗಿಗೆ ಕೆರೆಯೇ ಬೆಚ್ಚಿತು. ಕಂಡಕ್ಟರರ ದೋಣಿ ಎಳೆಯಿತು, ಗುಮಾಸ್ತರದು ಹಿಂಬಾಲಿಸಿತು. ಕಟ್ಟೆಯುದ್ದಕ್ಕೂ ಜನ ಕೈ ತಟ್ಟಿದರು. ಮೆತ್ತನೆಯ ಕಾರ್ಪೆಟ್ಟಿನ ಮೇಲೆ ಬರಿಗಾಲಲ್ಲಿ ನಿಂತ ಗುಮಾಸ್ತರು ರಾಜ್ಯ ಗೆದ್ದು ಬರುವ ಅರಸನಂತೆ ಕಂಡರು. ಹೌದಲ್ಲ, ಗೆದ್ದೆನಲ್ಲ ಎಂದು ಅವರಿಗೂ ಅನ್ನಿಸಿತು.

ಮರದ ನೆರಳಿಗೆ ಬಂದು ಕಂಡಕ್ಟರರು ಎಂಜಿನ್ ಆರಿಸಿದರು. ಒಂದು ಎಲೆ ನೀರಿಗೆ ಬಿತ್ತು. ಅದು ಬಿದ್ದ ಸದ್ದು ಗುಮಾಸ್ತರಿಗೆ ಕೇಳಿಸಿತು. ಅವರು ಕಣ್ಣು ಮುಚ್ಚಿದರು.

ಅಷ್ಟರಲ್ಲಿ ಕಂಡಕ್ಟರರು ಗುಮಾಸ್ತರ ದೋಣಿಯನ್ನು ಕಟ್ಟಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಣ್ಣು ಹಾಯಿಸಿದರು. ಮೂವತ್ತೈದು ವರ್ಷದಲ್ಲಿ ಒಂದು ದಿನವೂ ‘ಬಸ್ಸು ತುಂಬಿತು’ ಎಂದು ಒಪ್ಪದಿದ್ದ ಕಣ್ಣು ಅದು.

“ಜಾಗ ಇದೆ, ಜಾಗ ಇದೆ! ಇನ್ನೊಂದು ದೋಣಿಗೆ ಆರಾಮಾಗಿ ಜಾಗ ಇದೆ ತಮ್ಮಾ, ಸ್ವಲ್ಪ ಒಳಗೆ ಸರಿ!”

“ಒಂದೇ ದೋಣಿ ಅಂತ...” ಗುಮಾಸ್ತರು ತೊದಲಿದರು.

“ನೋಟೀಸಲ್ಲಿ ಎಲ್ಲಿ ಬರೆದಿದೆ?”

ಎಲ್ಲೂ ಬರೆದಿರಲಿಲ್ಲ. ಕಂಡಕ್ಟರರು ತಮ್ಮ ದೋಣಿಯನ್ನು ಒತ್ತರಿಸಿ ಕಟ್ಟಿ, ಇತ್ತ ಜಿಗಿದು, ಕಾರ್ಪೆಟ್ಟಿನ ಮೇಲೆ ಉದ್ದಕ್ಕೆ ಕಾಲು ಚಾಚಿ ಮಲಗಿದರು. ಜಿಗಿದದ್ದರ ಸದ್ದನ್ನೆಲ್ಲ ಕಾರ್ಪೆಟ್ಟು ನುಂಗಿಕೊಂಡಿತು.

“ಆಹಾ, ಏನು ಮೆತ್ತಗಿದೆ! ಎಲ್ಲಿಗೆ ಬಿಟ್ಟಿದ್ದೆ ನಾನು? ಹನ್ನೊಂದನೇ ವರ್ಷ ಅಲ್ವಾ?”

ಆಚೆ ದಡದ ಕೊಕ್ಕರೆ ಎದ್ದು, ಈಗಷ್ಟೇ ಖಾಲಿಯಾಗಿ ನಿಶ್ಶಬ್ದವಾಗಿದ್ದ ಅವರಿಬ್ಬರ ಹಳೆಯ ಜಾಗದ ಕಡೆಗೆ ಹಾರಿಹೋಯಿತು.